ಭಾನುವಾರವೂ ಶಾಲೆ ಇತ್ತು

ಮಸ್ಕತ್ತಿನಲ್ಲಿ ನಾನು ಹತ್ತು ವರ್ಷ ಮಾಡಿದ ಕೆಲಸ ಏನೆಂದು ಊರಿನವರಿಗೆ ಹೇಳುವುದು ಕಷ್ಟವಾಗುತ್ತಿತ್ತು. ಶಾಲೆಯಲ್ಲಿ ಟೀಚರೇ ಎಂದು ಕೇಳುತ್ತಿದ್ದರು. ಅಲ್ಲ. ಹಾಗಾದರೆ ಟೀಚರುಗಳಿಗೆ ಕಲಿಸುವವಳೇ ಎಂದರೆ ಅದೂ ಪೂರ್ತಿ ನಿಜವಲ್ಲ. ಪ್ರಾಥಮಿಕ ಶಾಲೆಯ ಟೀಚರ್ ಆಗುವುದನ್ನು ಎಲ್ಲಿ ಕಲಿಸುತ್ತಾರೋ ಆ ಕಾಲೇಜಿನ ಬಾಗಿಲವರೆಗೆ ಜನರನ್ನು ತಂದು ಬಿಡುವುದು ನನ್ನ ಕೆಲಸ. ಬಾಗಿಲು ತೆರೆಯುವವರು ಬೇರೆ.

ನಮ್ಮ ಕಾಲೇಜು ಅಲ್ ಮಬೇಲಾದಲ್ಲಿತ್ತು. ಎರಡು ವರ್ಷದ ಖಾಸಗಿ ಕಾಲೇಜು, ಎರಡು ಅಂತಸ್ತು. ಪಕ್ಕದಲ್ಲಿ ಟೈರ್ ಅಂಗಡಿ, ಎದುರಿಗೆ ಅಲ್ಯೂಮಿನಿಯಂ ಕಿಟಕಿ ಮಾಡುವ ವರ್ಕ್‌ಶಾಪ್. ಗ್ರೈಂಡರ್ ಶುರುವಾದರೆ ನಾವು ಪಾಠ ನಿಲ್ಲಿಸಿ, ಅದು ನಿಂತ ಮೇಲೆ ಮುಂದುವರಿಸುತ್ತಿದ್ದೆವು. ಬೆಳಿಗ್ಗೆ ಒಮಾನಿ ಹುಡುಗಿಯರು ಬರುತ್ತಿದ್ದರು. ನಮ್ಮಲ್ಲಿ ಓದಿ ಅವರು ಅಲ್ಲಿಯದೇ ಶಿಕ್ಷಣ ಕಾಲೇಜುಗಳಿಗೆ ಹೋಗುತ್ತಿದ್ದರು. ಮಧ್ಯಾಹ್ನ ಮೂರರ ಮೇಲೆ ನಮ್ಮ ಕಡೆಯ ಹೆಂಗಸರು. ಅವರಲ್ಲಿ ಹೆಚ್ಚಿನವರು ಶಾಲೆಗಳಲ್ಲಿ ಸಣ್ಣಪುಟ್ಟ ಕೆಲಸದಲ್ಲಿದ್ದು, ಊರಿನ ಯಾವುದಾದರೂ ತರಬೇತಿ ಕಾಲೇಜಿಗೆ ಸೇರಿ ಟೀಚರ್ ಆಗಬೇಕೆಂದುಕೊಂಡವರು. ಮಂಗಳೂರಿನ ಒಂದು ಕಾಲೇಜು ನಮ್ಮ ಎರಡು ವರ್ಷವನ್ನು ಒಪ್ಪಿಕೊಂಡು, ಉಳಿದ ಎರಡು ವರ್ಷಕ್ಕೆ ನೇರವಾಗಿ ಸೇರಿಸಿಕೊಳ್ಳಲು ಮುಂದೆ ಬಂದಿತ್ತು.

ಈಗ ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ನನಗೆ ಆಗಾಗ ಫೋನ್ ಮಾಡುತ್ತಾರೆ. ಯಾವ ಪುಸ್ತಕ ಓದಬೇಕು, ಯಾವ ಕೋರ್ಸ್ ಮಾಡಬೇಕು ಎಂದು ಕೇಳುತ್ತಾರೆ. ಅದಕ್ಕೆ ನನಗಿಂತ ಚೆನ್ನಾಗಿ ಉತ್ತರ ಹೇಳುವವರಿದ್ದಾರೆ. ನಾನು ಹೇಳಬಲ್ಲದ್ದು ನಡೆದದ್ದನ್ನು ಮಾತ್ರ.

ಮಸ್ಕತ್ತಿಗೆ ಹೋಗುವ ಮೊದಲು ನಾನು ಮೈಸೂರಿನ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿ ಎಂಟು ವರ್ಷ ಇದ್ದೆ. ನನ್ನ ಗಂಡನಿಗೆ ಅಲ್ಲಿ ಎಂಜಿನಿಯರ್ ಕೆಲಸ ಸಿಕ್ಕಿತು. ದಾರ್ಸೈಟಿನಲ್ಲಿ ಫ್ಲ್ಯಾಟು ಹಿಡಿದೆವು. ಇಂಗ್ಲಿಷ್ ಎಂ.ಎ. ಇದ್ದದ್ದರಿಂದ ಈ ಕಾಲೇಜು ನನ್ನನ್ನು ತೆಗೆದುಕೊಂಡಿತು. ಡೆಸ್ಕಿನಲ್ಲಿ ಕಲಿತದ್ದು ಒಂದೇ: ಕಂಡದ್ದನ್ನು ಮೊದಲು ಬರೆ, ಅನ್ನಿಸಿದ್ದನ್ನು ಆಮೇಲೆ, ಎರಡನ್ನೂ ಬೆರೆಸಬೇಡ. ಅದನ್ನೇ ಹಿಡಿದುಕೊಂಡು ಈ ಕೆಲಸಕ್ಕೆ ಬಂದೆ. ಅದರಿಂದ ಒಳ್ಳೆಯದೂ ಆಯಿತು, ಕೆಟ್ಟದೂ ಆಯಿತು.

ನನಗೆ ಕೊಟ್ಟ ವಿಷಯಗಳಲ್ಲಿ ಒಂದು ರೆಕಾರ್ಡ್ ಬುಕ್. ಪ್ರತಿ ವಿದ್ಯಾರ್ಥಿನಿಯೂ ಯಾವುದಾದರೂ ಶಾಲೆಯ ಒಂದನೇ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಇಪ್ಪತ್ತು ಪೀರಿಯಡ್ ನೋಡಬೇಕು. ನೋಡಿದ್ದನ್ನು ಬರೆಯಬೇಕು. ಪಾಠ ಮಾಡುವ ಹಾಗಿಲ್ಲ, ಮಾತಾಡುವ ಹಾಗಿಲ್ಲ. ಮುಂದಿನ ಕಾಲೇಜು ಅಂಕಪಟ್ಟಿಯ ಜೊತೆ ಇದನ್ನೂ ಕೇಳುತ್ತಿತ್ತು. ನಾನು ಪುಸ್ತಕವನ್ನು ಎರಡು ಭಾಗ ಮಾಡಿಸಿದೆ. ಎಡಪುಟದಲ್ಲಿ ಕಂಡದ್ದು, ಬಲಪುಟದಲ್ಲಿ ಅನ್ನಿಸಿದ್ದು.

ಮೊದಲ ವರ್ಷ ಝುವೈನಾ ಎಂಬ ಒಮಾನಿ ಹುಡುಗಿಯ ರೆಕಾರ್ಡಿನ ಎಡಪುಟಗಳನ್ನೆಲ್ಲ ಕೆಂಪು ಮಾಡಿ ಹಿಂದಿರುಗಿಸಿದೆ. ಮಗು ಸಂತೋಷವಾಗಿತ್ತು ಎಂದು ಬರೆದಿದ್ದಳು. ನಿನಗೆ ಹೇಗೆ ಗೊತ್ತು ಎಂದು ಅಂಚಿನಲ್ಲಿ ಕೇಳಿದ್ದೆ. ಮಗು ಸೋಮಾರಿ ಎಂದಿದ್ದಳು, ಅಡ್ಡಗೆರೆ ಎಳೆದಿದ್ದೆ. ಉಳಿದವರದನ್ನೂ ಹಾಗೇ ತಿದ್ದಿದ್ದೆ. ವಾರ ಕಳೆಯುವುದರೊಳಗೆ ನನ್ನ ತರಗತಿಯ ಮೂವರು ಬರುವುದನ್ನು ನಿಲ್ಲಿಸಿದರು. ಪ್ರಿನ್ಸಿಪಾಲ್ ಕುರಿಯನ್ ಸರ್ ನನ್ನನ್ನು ಕರೆಸಿದರು. ಕೇರಳದವರು, ಐವತ್ತೈದು ದಾಟಿದವರು, ಯಾವತ್ತೂ ದನಿ ಏರಿಸದವರು. ಇದು ಪತ್ರಿಕೆಯಲ್ಲ, ನಾಳೆ ಬೆಳಿಗ್ಗೆ ಅಚ್ಚಾಗಬೇಕಿಲ್ಲ, ಎಂದಷ್ಟೇ ಹೇಳಿದರು. ಝುವೈನಾ ಮಾತ್ರ ಬಿಡಲಿಲ್ಲ. ಮುಂದಿನ ವಾರ ಅವಳ ಎಡಪುಟದಲ್ಲಿ ಹೀಗಿತ್ತು: ಹುಡುಗಿ ರೊಟ್ಟಿಯ ಅಂಚನ್ನು ತಿಂದಳು, ನಡುವಿನ ಭಾಗವನ್ನು ಕಾಗದದಲ್ಲಿ ಸುತ್ತಿ ಚೀಲದಲ್ಲಿಟ್ಟಳು, ಎರಡು ಸಲ ತೆಗೆದು ನೋಡಿದಳು. ಓದಿ ನಾನು ಕೆಂಪು ಪೆನ್ನು ಕೆಳಗಿಟ್ಟೆ. ಆಮೇಲೆ ಬಹಳ ವರ್ಷ ಪೆನ್ಸಿಲಿನಲ್ಲೇ ತಿದ್ದಿದೆ.

ಮೈಮೂನಾ ಬಂದದ್ದು ಅದಾದ ಕೆಲವು ವರ್ಷಗಳ ಮೇಲೆ. ವಿಟ್ಲದ ಕಡೆಯ ಬ್ಯಾರಿ ಹೆಂಗಸು. ಪಿಯುಸಿ ಮುಗಿಸಿ ಮದುವೆಯಾಗಿ ಮಸ್ಕತ್ತಿಗೆ ಬಂದವರು. ಗಂಡ ಹಮೀದ್ ಮಬೇಲಾದ ಬಿಡಿಭಾಗದ ಅಂಗಡಿಯೊಂದರ ಪಿಕಪ್ ಓಡಿಸುತ್ತಿದ್ದರು. ಒಬ್ಬಳು ಮಗಳು. ಮೈಮೂನಾ ಒಂದು ಇಂಡಿಯನ್ ಶಾಲೆಯಲ್ಲಿ ಆಯಾ ಕೆಲಸ ಮಾಡುತ್ತಿದ್ದರು: ಮಕ್ಕಳನ್ನು ಬಸ್ಸಿನಿಂದ ಇಳಿಸುವುದು, ಬಾತ್‌ರೂಮಿಗೆ ಕರೆದೊಯ್ಯುವುದು, ಊಟದ ಡಬ್ಬಿ ತೆರೆದುಕೊಡುವುದು. ಒಂಬತ್ತು ವರ್ಷ ಅದನ್ನೇ ಮಾಡಿದ್ದರು.

ಪ್ರವೇಶ ಪರೀಕ್ಷೆಯಲ್ಲಿ ಅವರ ಇಂಗ್ಲಿಷ್ ಬಹಳ ಹಿಂದಿತ್ತು. ಅರ್ಜಿಯ ಮೇಲೆ ನಾನು 'ಸೂಕ್ತವಲ್ಲ' ಎಂದು ಬರೆದೆ. ಕುರಿಯನ್ ಸರ್ ಅದನ್ನು ನೋಡಿ, ಹೇಗೂ ಹಿಂದಿನ ಬೆಂಚು ಖಾಲಿ ಇದೆಯಲ್ಲ, ಕೂತಿರಲಿ ಎಂದರು. ಹತ್ತು ವರ್ಷದಲ್ಲಿ ನಾನು ಬರೆದ ತಪ್ಪು ತೀರ್ಪುಗಳ ಪಟ್ಟಿಯಲ್ಲಿ ಅದಕ್ಕೆ ಮೊದಲ ಸ್ಥಾನ.

ಮೈಮೂನಾ ಕಲಿಯುವ ರೀತಿ ನಾನು ಬೇರೆಲ್ಲೂ ಕಂಡಿಲ್ಲ. ಶಾಲೆಯ ಮಕ್ಕಳು ಆಡುವ ಇಂಗ್ಲಿಷನ್ನು ಕೇಳಿ ಕೇಳಿ ಮಾತು ಗೊತ್ತಿತ್ತು, ಬರವಣಿಗೆ ಗೊತ್ತಿರಲಿಲ್ಲ. ಹಾಗಾಗಿ ಮನೆಯಲ್ಲಿ ಮಗಳ ಒಂದನೇ ತರಗತಿಯ ಪುಸ್ತಕದಿಂದ ಶುರುಮಾಡಿ, ಎರಡು, ಮೂರು ಎಂದು ಪ್ರತಿ ತರಗತಿಯ ಪುಸ್ತಕವನ್ನೂ ಪ್ರಶ್ನೋತ್ತರ ಸಮೇತ ಬರೆದು ಮುಗಿಸಿದರು. ಒಂದು ದಿನ ನಾನು, ಈಗ ಎಷ್ಟನೇ ಕ್ಲಾಸಿನಲ್ಲಿದ್ದೀರಿ ಎಂದು ತಮಾಷೆಗೆ ಕೇಳಿದೆ.

"ಏಳನೆಯದ್ದು ಟೀಚರ್. ಮಗಳನ್ನು ದಾಟಿ ಬಂದೆ. ಅವಳಿಗೆ ಈಗ ನನ್ನ ಮೇಲೆ ಸ್ವಲ್ಪ ಕೋಪ ಉಂಟು."

ಎರಡನೇ ವರ್ಷ ಬರುವ ಹೊತ್ತಿಗೆ ಅವರ ವಾಕ್ಯಗಳು ಚಿಕ್ಕವಾಗಿ, ಸರಿಯಾಗಿ ಇದ್ದವು. ನಮ್ಮ ಕಾಲೇಜಿನಿಂದ ಮಂಗಳೂರಿಗೆ ಹೋಗಲು ಅರ್ಜಿ ಹಾಕಿದ ಮೊದಲನೆಯವರು ಅವರು. ಅವರ ಪಾಲಿಗೆ ಅದೇ ಕೊನೆಯ ಅವಕಾಶವೂ ಆಗಿತ್ತು. ಆ ವರ್ಷ ತಪ್ಪಿದರೆ ಅಲ್ಲಿನ ವಯೋಮಿತಿ ಮೀರುತ್ತಿತ್ತು. ತಪ್ಪಿದರೆ ಏನು ಮಾಡುತ್ತೀರಿ ಎಂದು ಒಮ್ಮೆ ಕೇಳಿದಾಗ, ಡಬ್ಬಿ ತೆರೆಯುವುದು ಉಂಟಲ್ಲ ಎಂದಿದ್ದರು. ದೂರಿನ ದನಿ ಇರಲಿಲ್ಲ.

ರೆಕಾರ್ಡಿಗಾಗಿ ಅವರು ಕೂತದ್ದು ತಾವು ಆಯಾ ಆಗಿದ್ದ ಶಾಲೆಯಲ್ಲೇ, ಲವೀನಾ ಟೀಚರರ ಒಂದನೇ ತರಗತಿಯಲ್ಲಿ. ಶಾಲೆ ಅವರಿಗೆ ಬಿಡುವು ಕೊಟ್ಟದ್ದು ವಾರಕ್ಕೆ ಎರಡು ದಿನ, ಮೊದಲ ಪೀರಿಯಡ್ ಮಾತ್ರ: ಭಾನುವಾರ ಮತ್ತು ಮಂಗಳವಾರ. ಹತ್ತು ವಾರ, ಇಪ್ಪತ್ತು ಪೀರಿಯಡ್. ಕರಾವಳಿಯವರಾದ ಅವರ ಬಾಯಲ್ಲಿ ಭಾನುವಾರ ಯಾವಾಗಲೂ ಆದಿತ್ಯವಾರ.

ಆ ವರ್ಷ ನಾನು ರೆಕಾರ್ಡಿಗೆ ಹೊಸದೊಂದು ಅಂಕಣ ಸೇರಿಸಿದ್ದೆ. ತಾರೀಕಿನ ಜೊತೆ ವಾರವನ್ನೂ ಬರೆಯಬೇಕು. ತಾರೀಕು ತಪ್ಪಾದರೆ ವಾರ ಅದನ್ನು ಹಿಡಿದುಕೊಡುತ್ತದೆ ಎಂಬುದು ಡೆಸ್ಕಿನ ಪಾಠ. ಅದು ನನ್ನದೇ ಸೇರ್ಪಡೆ ಎಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ, ಏಕೆಂದರೆ ಮುಂದಿನ ತೊಂದರೆಯೆಲ್ಲ ಅದರಿಂದಲೇ ಬಂತು.

ಮೈಮೂನಾರ ಎಡಪುಟಗಳಲ್ಲಿ ಒಂದು ಮಗು ಮತ್ತೆ ಮತ್ತೆ ಬರುತ್ತಿತ್ತು. ಮಕ್ಕಳ ಹೆಸರು ಬರೆಯುವ ಹಾಗಿರಲಿಲ್ಲವಾದ್ದರಿಂದ ಅದು 'ಮೂರನೇ ಬೆಂಚಿನ ಹುಡುಗಿ'. ಭಾನುವಾರದ ಮೊದಲ ಪೀರಿಯಡ್ ಬಾಯಿಲೆಕ್ಕ. ಟೀಚರ್ ಮೊದಲ ಬೆಂಚಿನಿಂದ ಸಾಲಾಗಿ ಕೇಳುತ್ತಾ ಬರುತ್ತಾರೆ. ಆ ಹುಡುಗಿ ತನ್ನ ಮುಂದಿರುವ ತಲೆಗಳನ್ನು ಬೆರಳಲ್ಲಿ ಎಣಿಸುತ್ತಾಳೆ. ಎರಡು ತಲೆ ಉಳಿದಾಗ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಾಳೆ. ಒಂದು ತಲೆ ಉಳಿದಾಗ ಎದ್ದು, ನೀರು ತುಂಬಿಸಿಕೊಂಡು ಬರುತ್ತೇನೆ ಎಂದು ಕೇಳಿ ಹೊರಗೆ ಹೋಗುತ್ತಾಳೆ. ಬಾಟಲಿಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರು ಇರುತ್ತದೆ. ನಾಲ್ಕು ಭಾನುವಾರ ಹೀಗೇ. ಮಂಗಳವಾರ ಮೊದಲ ಪೀರಿಯಡ್ ಕತೆ. ಮಕ್ಕಳೆಲ್ಲ ಚಾಪೆಯ ಮೇಲೆ, ಸಾಲಿಲ್ಲ. ಅದೇ ಹುಡುಗಿ ಕತೆಯ ನಡುವೆ ತಾನಾಗಿಯೇ, ಎಷ್ಟು ಮೀನು, ಎಷ್ಟು ಉಳಿಯಿತು ಎಂದು ಲೆಕ್ಕ ಹೇಳುತ್ತಾಳೆ.

ಲವೀನಾ ಟೀಚರ್ ಆ ಮಗುವಿಗೆ ಲೆಕ್ಕ ಬರುವುದಿಲ್ಲವೆಂದು ಮನೆಗೆ ಬರೆದು ಕಳಿಸುವುದರಲ್ಲಿದ್ದರು. ಮೈಮೂನಾ ತಮ್ಮ ಎಡಪುಟಗಳನ್ನು ಅವರಿಗೆ ತೋರಿಸಿದರು, ಬೇರೇನೂ ಹೇಳಲಿಲ್ಲ. ಲವೀನಾ ಟೀಚರ್ ಓದಿದರು. ಅವರದೂ ದೊಡ್ಡ ಮನಸ್ಸು. ಮುಂದಿನ ಭಾನುವಾರ ಸಾಲು ಬಿಟ್ಟು ನಡುವಿನಿಂದ ಕೇಳಿದರು. ಮೂರನೇ ಬೆಂಚಿನ ಹುಡುಗಿ ಎಣಿಸಲು ಸಮಯವಿಲ್ಲದೆ ಉತ್ತರ ಹೇಳಿಬಿಟ್ಟಳು. ಉತ್ತರ ಸರಿಯಿತ್ತು. ಆ ದಿನ ಮೈಮೂನಾ ಬಲಪುಟದಲ್ಲಿ ಒಂದೇ ವಾಕ್ಯ ಬರೆದರು: ಈ ಮಗುವಿಗೆ ಇರುವುದು ಲೆಕ್ಕದ ಭಯವಲ್ಲ, ಸರದಿ ಕಾಯುವ ಭಯ. ಇಪ್ಪತ್ತು ಪೀರಿಯಡಿನ ರೆಕಾರ್ಡಿನಲ್ಲಿ ಬಲಪುಟದಲ್ಲಿದ್ದದ್ದು ಅದೊಂದೇ.

ರೆಕಾರ್ಡನ್ನು ಅಂಕಪಟ್ಟಿಯೊಡನೆ ಕೊರಿಯರಿನಲ್ಲಿ ಮಂಗಳೂರಿಗೆ ಕಳಿಸಿದೆವು. ಮೂರು ವಾರದ ಮೇಲೆ ಒಂದು ಬುಧವಾರ ಸಂಜೆ ಫ್ಯಾಕ್ಸ್ ಬಂತು. ಇಪ್ಪತ್ತರಲ್ಲಿ ಹತ್ತು ತರಗತಿಗಳನ್ನು ಭಾನುವಾರ ನೋಡಿದ್ದಾಗಿ ತೋರಿಸಲಾಗಿದೆ; ಶಾಲೆ ಇಲ್ಲದ ದಿನದ ಅವಲೋಕನವನ್ನು ಪರಿಗಣಿಸಲಾಗದು; ಸರಿಪಡಿಸಿದ ರೆಕಾರ್ಡು ಮುಂದಿನ ಶುಕ್ರವಾರದೊಳಗೆ ಬರದಿದ್ದರೆ ಅರ್ಜಿಯನ್ನು ಕೈಬಿಡಲಾಗುವುದು.

ಬರೆದವರನ್ನು ನಾನು ದೂರುವುದಿಲ್ಲ. ಭಾನುವಾರ ಎಂಬ ಪದ ನೋಡಿದಾಗ ಊರಿನಲ್ಲಿ ಕೂತ ಯಾರಿಗಾದರೂ ಬೀಗ ಹಾಕಿದ ಶಾಲೆಯೇ ಕಾಣುತ್ತದೆ. ಒಮಾನಿನಲ್ಲಿ ಶುಕ್ರವಾರ ರಜೆ, ಭಾನುವಾರ ಪೂರ್ತಿ ಶಾಲೆ ಎಂಬುದು ನಮಗೆ ಎಷ್ಟು ರೂಢಿಯಾಗಿತ್ತೆಂದರೆ, ಅದನ್ನು ಯಾರಿಗಾದರೂ ಹೇಳಬೇಕು ಎಂದೇ ನನಗೆ ಹೊಳೆದಿರಲಿಲ್ಲ. ಹೊಸ ಊರಿನಿಂದ ವರದಿ ಕಳಿಸುವವರು ಅಲ್ಲಿನ ರೂಢಿಯನ್ನು ಮೊದಲು ಹೇಳಬೇಕು. ಡೆಸ್ಕಿನಲ್ಲಿ ಇದನ್ನು ಎಷ್ಟು ಜನಕ್ಕೆ ನಾನೇ ಹೇಳಿದ್ದೆ.

ಗುರುವಾರ, ಶುಕ್ರವಾರ ನಮ್ಮ ಕಾಲೇಜಿಗೆ ರಜೆ. ಆದರೂ ಗುರುವಾರ ಕುರಿಯನ್ ಸರ್ ಮನೆಯಿಂದಲೇ ಮಂಗಳೂರಿಗೆ ಫೋನ್ ಮಾಡಿದರು. ಅಲ್ಲಿನ ಕಚೇರಿಯಲ್ಲಿ ಎತ್ತಿದವರಿಗೆ ವಾರದ ವಿಷಯ ಹೇಳಲು ನೋಡಿದರು. ಅವರು ಅದೆಲ್ಲ ತಮಗೆ ಗೊತ್ತಿಲ್ಲ, ನೋಡಬೇಕಾದ ಮೇಡಂ ರಜೆಯಲ್ಲಿದ್ದಾರೆ, ಬರುವುದು ಮುಂದಿನ ಶುಕ್ರವಾರ, ಸುಮ್ಮನೆ ವಾರ ಬದಲಾಯಿಸಿದ ಪ್ರತಿ ಕಳಿಸಿಬಿಡಿ ಎಂದರು. ಕುರಿಯನ್ ಸರ್ ನನಗೆ ಫೋನ್ ಮಾಡಿ ಅದನ್ನೇ ಹೇಳಿದರು. ಭಾನುವಾರ ಇರುವಲ್ಲೆಲ್ಲ ಸೋಮವಾರ ಮಾಡಿ, ತಾರೀಕು ಒಂದು ಮುಂದೆ ಹಾಕಿ ಹೊಸ ಪ್ರತಿ ಬರೆಸುವುದು. ಶನಿವಾರ ಕೊರಿಯರಿಗೆ ಕೊಟ್ಟರೆ ಗಡುವಿನ ಮೊದಲೇ ಮುಟ್ಟುತ್ತದೆ. ಅವರ ಮುಖ ನನಗೆ ಕಾಣುತ್ತಿರಲಿಲ್ಲ, ದನಿ ಮಾತ್ರ ಎಂದಿಗಿಂತ ಮೆಲ್ಲಗಿತ್ತು. ಅವರಿಗೂ ಅದು ಇಷ್ಟವಿರಲಿಲ್ಲ. ಆದರೆ ಒಬ್ಬ ಹೆಂಗಸಿನ ಬದುಕು ಒಂದು ಅಂಕಣಕ್ಕೆ ಸಿಕ್ಕಿ ನಿಂತಿತ್ತು.

ನಾನು ಒಪ್ಪಿದೆ. ಕಂಡದ್ದನ್ನಷ್ಟೇ ಬರೆಯಿರಿ ಎಂದು ವರ್ಷಗಟ್ಟಲೆ ಹೇಳಿದವಳು ಒಪ್ಪಲು ಐದು ನಿಮಿಷವೂ ತೆಗೆದುಕೊಳ್ಳಲಿಲ್ಲ. ರೂವಿಯ ಪೇಟೆಗೆ ಹೋಗಿ ಹೊಸ ರೆಕಾರ್ಡ್ ಬುಕ್ ತಂದೆ. ಶುಕ್ರವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಕೂತು ಇಪ್ಪತ್ತು ಎಡಪುಟಗಳಿಗೆ ಅಂಕಣ ಎಳೆದೆ. ಮೈಮೂನಾ ಬರೆಯುವುದಷ್ಟೇ ಉಳಿಯಲಿ ಎಂದು ಹೊಸ ತಾರೀಕುಗಳನ್ನೂ ಬೇರೊಂದು ಹಾಳೆಯಲ್ಲಿ ಬರೆದಿಟ್ಟೆ.

ಶನಿವಾರ ಮೈಮೂನಾ ಶಾಲೆ ಮುಗಿಸಿ ನೇರ ಬಂದರು. ಫ್ಯಾಕ್ಸ್ ತೋರಿಸಿದೆ. ನಮ್ಮ ಬಳಿ ಇದ್ದ ಹಳೆಯ ರೆಕಾರ್ಡಿನ ಜೆರಾಕ್ಸನ್ನೂ ಹೊಸ ಪುಸ್ತಕವನ್ನೂ ಮುಂದಿಟ್ಟು ಏನು ಮಾಡಬೇಕೆಂದು ಹೇಳಿದೆ. ಅವರು ಪೆನ್ನು ತೆಗೆದರು, ಮೊದಲ ತಾರೀಕು ಬರೆದರು. ಆಮೇಲೆ ನಿಲ್ಲಿಸಿದರು.

"ಟೀಚರ್, ಸೋಮವಾರ ಮೊದಲ ಪೀರಿಯಡ್ ಹಿಂದಿ."

"ಇರಲಿ. ಅವರಿಗೆ ಅದು ಗೊತ್ತಾಗಲ್ಲ."

"ಅದಲ್ಲ. ಹಿಂದಿಯಲ್ಲಿ ಎಲ್ಲ ಒಟ್ಟಿಗೆ ಪದ್ಯ ಹೇಳುವುದು. ಆ ಮಗು ಎಲ್ಲರಿಗಿಂತ ಜೋರು ಹೇಳ್ತದೆ. ನನಗೆ ವರಾಂಡಕ್ಕೆ ಕೇಳ್ತದೆ."

ಅವರು ಪೆನ್ನಿನ ಮುಚ್ಚಳ ಹಾಕಿದರು.

"ಮಾತಾಡುವ ದಿನ ಮಾತಾಡ್ಲಿಲ್ಲ ಅಂತ ಬರಿಯುವುದು ಹೇಗೆ ಟೀಚರ್? ನನ್ನ ಸೀಟು ಹೋದ್ರೆ ನಂದು ಹೋಯ್ತು. ಆ ಮಗು ನಂಗೆಂತ ಮಾಡಿದೆ?"

ಡೆಸ್ಕಿನಲ್ಲಿ ನಾನು ಬಹಳ ಒಳ್ಳೆಯ ವರದಿಗಾರರನ್ನು ಕಂಡಿದ್ದೇನೆ. ತಮ್ಮ ಹೆಸರು, ಕೆಲಸ ಎಲ್ಲ ಪಣಕ್ಕೆ ಬಿದ್ದಾಗ ಒಂದು ವಿವರಕ್ಕೆ ಹೀಗೆ ನಿಂತವರು ಕಡಿಮೆ. ಅದೂ ಯಾರೂ ಓದದ ಪುಸ್ತಕದಲ್ಲಿ, ಹೆಸರೂ ಇಲ್ಲದ ಮಗುವಿಗಾಗಿ. ನಾನು ಹೊಸ ಪುಸ್ತಕವನ್ನು ಮುಚ್ಚಿ ಡ್ರಾಯರಿನಲ್ಲಿಟ್ಟೆ. ಇಬ್ಬರೂ ಕುರಿಯನ್ ಸರ್ ಕೋಣೆಗೆ ಹೋದೆವು. ಅವರಿಗೆ ನಾನು ಇಂಗ್ಲಿಷಿನಲ್ಲಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೈಮೂನಾರನ್ನು ನೋಡಿದರು.

"ಖಲಾಸ್," ಎಂದರು. "ಹಾಗಾದರೆ ಇರುವುದೇ ಇರಲಿ. ಇದ್ದದ್ದು ಹೇಗೆಂದು ಅವರಿಗೆ ತೋರಿಸೋಣ."

ತೋರಿಸುವುದು ಸುಲಭವಿರಲಿಲ್ಲ. ಭಾನುವಾರ ಬೆಳಿಗ್ಗೆ ನಾನು ಶಾಲೆಗೆ ಹೋದೆ. ಲವೀನಾ ಟೀಚರ್ ಹಾಜರಿ ಪುಸ್ತಕ ತೆಗೆದುಕೊಟ್ಟರು. ಆ ಹತ್ತು ವಾರಗಳಲ್ಲಿ ಭಾನುವಾರದ ಮನೆಗಳೆಲ್ಲ ತುಂಬಿದ್ದವು, ಶುಕ್ರವಾರದ ಮನೆಗಳೆಲ್ಲ ಖಾಲಿ. ವೇಳಾಪಟ್ಟಿಯ ಪ್ರತಿಗೆ ಶಾಲೆಯ ಮುದ್ರೆ ಹಾಕಿಸಿಕೊಂಡೆ. ಫ್ಯಾಕ್ಸ್ ಮಾಡಲು ಹೋದರೆ ಮಂಗಳೂರಿನಲ್ಲಿ ಭಾನುವಾರದ ರಜೆ, ಯಂತ್ರವನ್ನೇ ಆರಿಸಿಟ್ಟಿದ್ದರು. ಸೋಮವಾರ ಫ್ಯಾಕ್ಸ್ ಹೋಯಿತು. ಜೊತೆಗೆ ನಾನು ಒಂದು ಪುಟದ ಟಿಪ್ಪಣಿ ಬರೆದಿದ್ದೆ. ಈ ದೇಶದಲ್ಲಿ ವಾರ ಹೀಗೆ. ವಾರ ಬರೆಸಿದವಳು ನಾನು. ಇದನ್ನು ಮೊದಲೇ ತಿಳಿಸದ ತಪ್ಪು ನನ್ನದು, ವಿದ್ಯಾರ್ಥಿನಿಯದಲ್ಲ. ಕೊನೆಯಲ್ಲಿ ಒಂದು ಸಾಲು ಸೇರಿಸಿದೆ: ದಯವಿಟ್ಟು ತಾರೀಕಿನ ಅಂಕಣವನ್ನು ಬಿಟ್ಟು, ಅದರ ಪಕ್ಕದಲ್ಲಿರುವುದನ್ನು ಓದಬೇಕು.

ಮಂಗಳವಾರ, ಬುಧವಾರ ಫೋನ್ ಮಾಡಿದೆವು. ಫ್ಯಾಕ್ಸ್ ಬಂದಿದೆ, ಮೇಡಂ ಮೇಜಿನ ಮೇಲಿದೆ, ಅವರು ಶುಕ್ರವಾರ ಬರುತ್ತಾರೆ ಎಂಬುದಷ್ಟೇ ಉತ್ತರ. ಅವರು ಬರುವ ದಿನವೇ ಗಡುವು, ಅದೇ ದಿನ ನಮ್ಮ ಕಾಲೇಜಿಗೆ ಬೀಗ. ಅಲ್ಲಿಂದ ಫೋನ್ ಬಂದರೆ ಎತ್ತುವವರು ಬೇಕಲ್ಲ. ಕುರಿಯನ್ ಸರ್ ತಮ್ಮ ಕೋಣೆಯ ಬೀಗದ ಕೈ ನನ್ನ ಕೈಗಿಟ್ಟರು.

ಶುಕ್ರವಾರ ಬೆಳಿಗ್ಗೆ ಮಬೇಲಾದ ರಸ್ತೆಗಳು ಖಾಲಿ ಇದ್ದವು. ಗ್ರೈಂಡರ್ ಸದ್ದಿಲ್ಲದೆ ಕಾಲೇಜು ಬೇರೆಯೇ ಕಟ್ಟಡದ ಹಾಗೆ ಕಾಣುತ್ತಿತ್ತು. ನಾನು ಹೋಗುವ ಹೊತ್ತಿಗೆ ಪಿಕಪ್ಪು ಹೊರಗೆ ನಿಂತಿತ್ತು. ಹಮೀದ್ ಜುಮಾ ನಮಾಜಿಗೆ ಹೊರಟ ಬಿಳಿ ಬಟ್ಟೆಯಲ್ಲಿದ್ದರು.

"ಟೀಚರ್, ರಜೆಯ ದಿನ ನಿಮಗೂ ಡ್ಯೂಟಿ ಹಾಕಿದ್ಳಾ ಇವಳು?" ಎಂದರು. "ನಂಗೆ ದಿನಾ ಹಾಕ್ತಾಳೆ ಮಾರಾಯ್ರೆ."

ಮೈಮೂನಾ ನಗಲಿಲ್ಲ. ಒಳಗೆ ಬಂದು ಫೋನಿನ ಎದುರು ಕೂತರು. ಒಂದು ಡಬ್ಬಿಯಲ್ಲಿ ನನಗೆಂದು ನೀರ್ದೋಸೆ ತಂದಿದ್ದರು. ಇಬ್ಬರೂ ಮುಟ್ಟಲಿಲ್ಲ. ಹಮೀದ್ ಮಸೀದಿಗೆ ಹೋದರು. ಧ್ವನಿವರ್ಧಕದಲ್ಲಿ ಪ್ರವಚನ ಶುರುವಾಯಿತು, ಮುಗಿಯಿತು. ಆಗ ಫೋನ್ ಬಂತು.

ಆ ಕಡೆ ವಯಸ್ಸಾದ ಹೆಂಗಸಿನ ದನಿ. ತಾವು ಆ ಕಾಲೇಜಿನಲ್ಲಿ ಪ್ರವೇಶ ನೋಡುವವರು ಎಂದು ಹೇಳಿಕೊಂಡರು. ವಾರದ ವಿಷಯ ಟಿಪ್ಪಣಿಯಿಂದ ತಿಳಿಯಿತು, ಅದರ ಬಗ್ಗೆ ಇನ್ನು ಮಾತು ಬೇಡ ಎಂದರು. ರೆಕಾರ್ಡನ್ನು ಈಗಷ್ಟೇ ಪೂರ್ತಿ ಓದಿದೆ, ಬರೆದವರು ಅಲ್ಲಿದ್ದಾರೆಯೇ ಎಂದು ಕೇಳಿದರು. ನಾನು ರಿಸೀವರನ್ನು ಮೈಮೂನಾರಿಗೆ ಕೊಟ್ಟೆ.

ಅವರು ಕೇಳಿದ ಪ್ರಶ್ನೆ ನನಗೆ ಕೇಳಿಸಲಿಲ್ಲ. ಮೈಮೂನಾರ ಉತ್ತರದಿಂದ ಗೊತ್ತಾಯಿತು.

"ಈಗ ಮಾತಾಡ್ತದೆ ಮೇಡಂ. ನಡುವಿನಿಂದ ಕೇಳಿದ್ರೆ ಹೇಳ್ತದೆ." ಸ್ವಲ್ಪ ತಡೆದರು. "ಸಾಲಾಗಿ ಕೇಳಿದ್ರೆ ಈಗ್ಲೂ ನೀರಿಗೆ ಹೋಗ್ತದೆ. ಪೂರ ಸರಿ ಆಗ್ಲಿಲ್ಲ."

ನಾನು ಕಣ್ಣು ಮುಚ್ಚಿಕೊಂಡೆ. ಸೀಟು ಕೊಡುವ ಕೈ ಆ ಕಡೆ ಇದೆ. ಸರಿಯಾಯಿತು ಎಂದುಬಿಟ್ಟರೆ ಏನು ಹೋಗುತ್ತಿತ್ತು ಎಂದು ಒಂದು ಕ್ಷಣ ನನಗೆ ಅನ್ನಿಸಿದ್ದು ನಿಜ. ಎರಡನೇ ಸಲ.

ಮೈಮೂನಾ ಇನ್ನೂ ಸ್ವಲ್ಪ ಹೊತ್ತು ಕೇಳಿಸಿಕೊಂಡರು, ಹೂಂ, ಹೂಂ ಎಂದರು, ರಿಸೀವರ್ ಇಟ್ಟರು.

"ಏನಂದ್ರು?"

"ಪೂರ ಸರಿ ಆಗಿದೆ ಅಂತ ಹೇಳಿದ್ರೆ ಯೋಚನೆ ಮಾಡ್ಬೇಕಿತ್ತು ಅಂದ್ರು. ಬರ್ಲಿಕ್ಕೆ ಹೇಳಿದ್ರು ಟೀಚರ್. ಹದಿನೈದು ದಿನದೊಳಗೆ."

ಆಮೇಲೆ ಡಬ್ಬಿ ತೆರೆದರು. ಒಂಬತ್ತು ವರ್ಷ ಮಕ್ಕಳಿಗೆ ತೆರೆದುಕೊಟ್ಟ ಹಾಗೆ, ಮುಚ್ಚಳವನ್ನು ಒಂದೇ ಕೈಯಲ್ಲಿ.

ಮಗಳನ್ನು ಕರೆದುಕೊಂಡು ಅವರು ವಿಟ್ಲದ ತಾಯಿ ಮನೆಗೆ ಹೋದರು. ಅಲ್ಲಿಂದ ಎರಡು ವರ್ಷ ದಿನಾ ಬಸ್ಸಿನಲ್ಲಿ ಮಂಗಳೂರಿಗೆ ಓಡಾಡಿ ತರಬೇತಿ ಮುಗಿಸಿದರು. ಹಮೀದ್ ಮಸ್ಕತ್ತಿನಲ್ಲೇ ಪಿಕಪ್ ಓಡಿಸುತ್ತಾ, ತಾವೇ ಅಡಿಗೆ ಮಾಡಿಕೊಂಡು ಇದ್ದರು. ಯಾವಾಗಲಾದರೂ ಕಾಲೇಜಿನ ಮುಂದೆ ಸಿಕ್ಕಿದರೆ, ಇವತ್ತು ಸಾರಿಗೆ ಉಪ್ಪು ಹಾಕಲು ಮರೆತದ್ದನ್ನು ವರದಿ ಮಾಡುತ್ತಿದ್ದರು. ಈ ಕತೆಯಲ್ಲಿ ಅವರ ಪಾಲು ಕಡಿಮೆಯದೇನಲ್ಲ.

ನನ್ನ ಕೊನೆಯ ವರ್ಷಗಳಲ್ಲಿ ಕೆಲಸದ ಕ್ರಮ ಬದಲಾಯಿತು. ರೆಕಾರ್ಡ್ ಬುಕ್ ಹೋಗಿ ಅಚ್ಚಾದ ನಮೂನೆ ಬಂತು. ಮಗು ಗಮನ ಕೊಟ್ಟಿತೇ, ಉತ್ತರಿಸಿತೇ, ಸಹಕರಿಸಿತೇ, ಹೌದು, ಇಲ್ಲ, ಟಿಕ್ ಹಾಕಿದರೆ ಮುಗಿಯಿತು. ಅದನ್ನು ಕಂಪ್ಯೂಟರಿಗೆ ಏರಿಸುವುದು ಸುಲಭ, ಹತ್ತು ಶಾಲೆಗಳನ್ನು ಹೋಲಿಸುವುದೂ ಸುಲಭ. ಅದರಲ್ಲಿ ಉಪಯೋಗವಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಆ ನಮೂನೆಯಲ್ಲಿ ಮೂರನೇ ಬೆಂಚಿನ ಹುಡುಗಿಗೆ 'ಇಲ್ಲ' ಎಂಬ ಟಿಕ್ ಬೀಳುತ್ತಿತ್ತು, ಅಷ್ಟೇ. ಅರ್ಧ ತುಂಬಿದ ನೀರಿನ ಬಾಟಲಿಗೆ ಅದರಲ್ಲಿ ಜಾಗವಿರಲಿಲ್ಲ. ಹೊಸಬರಿಗೆ ನಾನು ಹೇಳುವುದಿಷ್ಟು: ನಮೂನೆ ತುಂಬಿಸಿ, ಆದರೆ ಪಕ್ಕದಲ್ಲಿ ಒಂದು ಖಾಲಿ ಹಾಳೆ ಇಟ್ಟುಕೊಳ್ಳಿ.

ನಾನು ಕೆಲಸ ಬಿಟ್ಟು ಮೈಸೂರಿಗೆ ಹೊರಡುವ ಹೊತ್ತಿಗೆ ಮೈಮೂನಾ ವಾಪಸು ಬಂದು ಅದೇ ಶಾಲೆಯಲ್ಲಿ ಒಂದನೇ ತರಗತಿಯ ಟೀಚರ್ ಆಗಿದ್ದರು. ಹೋಗುವ ಮೊದಲು ಒಂದು ದಿನ ನಿಮ್ಮ ಕ್ಲಾಸು ನೋಡಬೇಕು ಎಂದೆ. ಯಾವ ದಿನ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೋದದ್ದು ಭಾನುವಾರ.

ನನ್ನನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿದರು. "ಮಾತಾಡುವ ಹಾಗಿಲ್ಲ ಟೀಚರ್, ಗೊತ್ತುಂಟಲ್ಲ?" ಎಂದು ಮೆಲ್ಲಗೆ ಹೇಳಿ ಮುಂದೆ ಹೋದರು. ನನ್ನ ಚೀಲದಲ್ಲಿ ಅಂದು ರೂವಿಯಿಂದ ತಂದ ರೆಕಾರ್ಡ್ ಬುಕ್ ಇತ್ತು. ಅಂಕಣ ಎಳೆದು ಡ್ರಾಯರಿನಲ್ಲಿಟ್ಟಿದ್ದು, ಮೊದಲ ಪುಟದಲ್ಲಿ ಒಂದೇ ಒಂದು ಸುಳ್ಳು ತಾರೀಕಿದ್ದದ್ದು. ಅದನ್ನು ಹೊಡೆದುಹಾಕಿ, ಕೆಳಗೆ ಆ ದಿನದ ತಾರೀಕು, ವಾರ ಬರೆದೆ. ಎಡಪುಟದಲ್ಲಿ ಬರೆದದ್ದನ್ನು ಇಲ್ಲಿ ಹಾಗೆಯೇ ಕೊಡುತ್ತಿದ್ದೇನೆ.

ಭಾನುವಾರ. ಮೊದಲ ಪೀರಿಯಡ್. ಬಾಯಿಲೆಕ್ಕ. ಟೀಚರ್ ಸಾಲಾಗಿ ಕೇಳಲಿಲ್ಲ. ಕಿಟಕಿಯ ಪಕ್ಕದಿಂದ ಶುರುಮಾಡಿದರು, ಆಮೇಲೆ ಬಾಗಿಲ ಹತ್ತಿರ, ಆಮೇಲೆ ನಡುವಿನಲ್ಲಿ. ನಾಲ್ಕನೇ ಬೆಂಚಿನ ಹುಡುಗಿ ಉತ್ತರ ಹೇಳಲಿಲ್ಲ. ಟೀಚರ್ ಅವಳ ಬೆಂಚಿನ ಪಕ್ಕ ಹೋಗಿ ಮಂಡಿಯೂರಿ ಕೂತರು. ಏನೂ ಕೇಳಲಿಲ್ಲ. ಉಳಿದ ಮಕ್ಕಳು ಕಾದರು. ವರಾಂಡದಲ್ಲಿ ಆಯಾ ಯಾರದೋ ಡಬ್ಬಿ ಹಿಡಿದು ನಡೆದು ಹೋದರು. ಹುಡುಗಿ ಬೆರಳು ಮಡಚಿದಳು. ಆಮೇಲೆ ಟೀಚರರ ಕಿವಿಯ ಹತ್ತಿರ ಬಗ್ಗಿ ಏನೋ ಹೇಳಿದಳು. ಟೀಚರ್ ಎದ್ದು, ಅದನ್ನು ಬೋರ್ಡಿನ ಮೇಲೆ ಬರೆದರು.